ಒಂದೂವರೆ ಮಿಲಿಮೀಟರಿನ ಉಬ್ಬು: ಟ್ಯಾಂಕ್ ಮಾದರಿಯ ಮೇಲ್ಮೈಯಿಂದ ಕಲಿತ ಪ್ರಮಾಣದ ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ಅನುಪಾತ ಮತ್ತು ಸಮಾನುಪಾತದ ಪಾಠ ನನ್ನ ಪಾಲಿಗೆ ಬಂತು. ಪಠ್ಯಪುಸ್ತಕದಲ್ಲಿ ಭೂಪಟದ ಪ್ರಮಾಣದ ಲೆಕ್ಕಗಳಿದ್ದವು. ಅದಕ್ಕಿಂತ ಕೈಗೆ ಸಿಗುವ ವಸ್ತುವೊಂದು ಇದ್ದರೆ ಒಳ್ಳೆಯದೆಂದು ನನ್ನ ಟ್ಯಾಂಕ್ ಮಾದರಿಯನ್ನು ತರಗತಿಗೆ ಒಯ್ದೆ. ಬಿಡಿಭಾಗಗಳನ್ನು ಜೋಡಿಸಿ ಸಣ್ಣ ವಾಹನಗಳನ್ನು ಮಾಡುವುದು ನನ್ನ ಹಳೆಯ ಹವ್ಯಾಸ. ಅಣ್ಣ ಬೆಂಗಳೂರಿನಿಂದ ತಂದುಕೊಟ್ಟಿದ್ದ ಟಿ-55 ಟ್ಯಾಂಕಿನ ಪೆಟ್ಟಿಗೆಯನ್ನು ರಜೆಯಲ್ಲಿ ಜೋಡಿಸಿ ಮುಗಿಸಿದ್ದೆ. ಅದರ ಪ್ರಮಾಣ 1:35.

ಹಿಂದಿನ ಬೆಂಚಿನ ಮಕ್ಕಳಿಗೂ ಕಾಣಲಿ ಎಂದು, ಪಾಠದ ಹಿಂದಿನ ರಾತ್ರಿ ಕೂತು ಅದರ ಗೋಪುರದ ಮೇಲೆ ಪುಟ್ಟಿ ಮೆತ್ತಿ ಒರಟು ಮಾಡಿದೆ. ನಿಜವಾದ ಟ್ಯಾಂಕಿನ ಗೋಪುರ ಎರಕದ್ದು, ನುಣುಪಾಗಿರುವುದಿಲ್ಲ ಎಂದು ಓದಿದ್ದೆ. ಅದೇ ಉತ್ಸಾಹದಲ್ಲಿ ಒಡಲಿನ ಮೇಲೂ ಒಂದಿಷ್ಟು ಮೆತ್ತಿದೆ. ಬೆಳಿಗ್ಗೆ ನೋಡಿದಾಗ ಬಹಳ ಚೆನ್ನಾಗಿದೆ ಎನಿಸಿತು.

ಪಾಠ ಆರಂಭವಾಗಿ ಹತ್ತು ನಿಮಿಷವಾಗಿತ್ತು. ಮಾದರಿಯ ಒಂದು ಸೆಂಟಿಮೀಟರ್ ಎಂದರೆ ನಿಜವಾದ ಟ್ಯಾಂಕಿನ 35 ಸೆಂಟಿಮೀಟರ್ ಎಂದು ಹೇಳಿ ಮುಗಿಸಿದ್ದೆ. ಮೊದಲ ಬೆಂಚಿನ ಹುಡುಗಿಯೊಬ್ಬಳು ತನ್ನ ಅಳತೆಪಟ್ಟಿಯನ್ನು ಗೋಪುರಕ್ಕೆ ತಾಗಿಸಿ ಹಿಡಿದು ಕೇಳಿದಳು: "ಸಾರ್, ಈ ಉಬ್ಬು ಒಂದೂವರೆ ಮಿಲಿಮೀಟರ್ ಇದೆ. ಹಾಗಾದ್ರೆ ನಿಜವಾದ್ದರಲ್ಲಿ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಆಗುತ್ತಲ್ವಾ? ಅಷ್ಟು ದೊಡ್ಡ ಗಡ್ಡೆಗಳು ಇರ್ತವಾ ಸಾರ್?"

ಅವಳ ಲೆಕ್ಕ ಸರಿ. 1.5 × 35 = 52.5 ಮಿ.ಮೀ. ಮೂರು ಬೆರಳು ಜೋಡಿಸಿದಷ್ಟು ಎತ್ತರದ ಗಡ್ಡೆಗಳು ಮೈತುಂಬ ಎದ್ದ ಟ್ಯಾಂಕ್ ಎಲ್ಲಿಯೂ ಇಲ್ಲ. ತರಗತಿ ನಕ್ಕಿತು. ನಾನು "ಅದು ಸುಮ್ಮನೆ ಅಂದಾಜಿಗೆ ಮಾಡಿದ್ದು" ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದೆ. ಪಾಠದ ನಂತರದ ವಿಮರ್ಶೆಯಲ್ಲಿ ಮೇಲ್ವಿಚಾರಕ ಮೇಡಂ ಒಂದೇ ಮಾತು ಹೇಳಿದರು: "ಇಡೀ ಪಾಠದಲ್ಲಿ ಪ್ರಮಾಣ ಅಂದರೆ ಏನು ಅಂತ ಅರ್ಥ ಮಾಡಿಕೊಂಡು ಕೇಳಿದ ಪ್ರಶ್ನೆ ಅದೊಂದೇ. ಅದನ್ನೇ ನೀವು ದಾಟಿಸಿಬಿಟ್ಟಿರಿ."

ಆ ಪ್ರಶ್ನೆಗೆ ಉತ್ತರ ಹುಡುಕಿ, ಪಾಠವನ್ನು ಮತ್ತೊಮ್ಮೆ ಮಾಡಿದ ವಿವರ ಈ ಲೇಖನದಲ್ಲಿದೆ. ಮಾದರಿಯ ಮೇಲೆ ಸೂಕ್ಷ್ಮ ವಿವರಗಳನ್ನು ಮೂಡಿಸುವ ಬಗೆ, ಆ ಕೆಲಸದೊಳಗಿನ ಗಣಿತ, ತರಗತಿಯಲ್ಲಿ ಅದು ನಡೆದ ರೀತಿ ಈ ಮೂರನ್ನೂ ಬರೆದಿದ್ದೇನೆ.

ಮೇಲ್ಮೈ ಏನು ಹೇಳುತ್ತದೆ?

ಟಿ-55 ಸೋವಿಯತ್ ಒಕ್ಕೂಟದಲ್ಲಿ 1958ರಿಂದ ತಯಾರಾದ ಟ್ಯಾಂಕ್. ಭಾರತೀಯ ಸೇನೆ 1971ರ ಯುದ್ಧದಲ್ಲಿ ಇದನ್ನು ಬಳಸಿತ್ತು. ಇದರ ಹೊರಮೈಯನ್ನು ಗಮನಿಸಿದರೆ ಮೂರು ಬಗೆಯ ಮೇಲ್ಮೈಗಳು ಕಾಣುತ್ತವೆ. ಪ್ರತಿಯೊಂದೂ ಆ ಭಾಗ ಹೇಗೆ ತಯಾರಾಯಿತು ಎಂಬುದರ ಗುರುತು.

ಮೊದಲನೆಯದು ಎರಕದ ಮೇಲ್ಮೈ. ಬೋರಲು ಹಾಕಿದ ಬಾಣಲೆಯಂತಿರುವ ಗೋಪುರವನ್ನು ಕರಗಿದ ಉಕ್ಕನ್ನು ಅಚ್ಚಿಗೆ ಸುರಿದು ಮಾಡುತ್ತಾರೆ. ಅಚ್ಚು ಮರಳಿನದು. ಮರಳಿನ ಒರಟು ಉಕ್ಕಿನ ಮೈಯಲ್ಲಿ ಉಳಿಯುತ್ತದೆ. ನಮ್ಮ ಕಡೆ ಎರಕದ ಕಬ್ಬಿಣದ ಒರಳು, ತೂಕದ ಕಲ್ಲುಗಳ ಮೇಲೆ ಕೈಯಾಡಿಸಿದರೆ ಇದೇ ಒರಟು ಸಿಗುತ್ತದೆ.

ಎರಡನೆಯದು ಉಕ್ಕಿನ ಹಲಗೆಯ ಮೇಲ್ಮೈ. ಒಡಲನ್ನು ಎರಕ ಹೊಯ್ದಿಲ್ಲ. ಕಾದ ಉಕ್ಕನ್ನು ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡಿದ ದಪ್ಪ ಹಲಗೆಗಳನ್ನು ಕತ್ತರಿಸಿ ಜೋಡಿಸಿದ್ದಾರೆ. ಮುಂಭಾಗದ ಓರೆ ಹಲಗೆಯ ದಪ್ಪ 100 ಮಿ.ಮೀ. ಈ ಹಲಗೆಗಳ ಮೈ ಗೋಪುರಕ್ಕೆ ಹೋಲಿಸಿದರೆ ನುಣುಪು. ಒಡಲಿನ ಮೇಲೂ ಪುಟ್ಟಿ ಮೆತ್ತಿದ್ದು ನನ್ನ ಎರಡನೆಯ ತಪ್ಪು. ಅದು ಅಳತೆಯ ತಪ್ಪಲ್ಲ, ವಸ್ತುವಿನ ಚರಿತ್ರೆಯನ್ನೇ ಸುಳ್ಳು ಮಾಡಿದ ತಪ್ಪು.

ಮೂರನೆಯದು ಬೆಸುಗೆಯ ಗೆರೆ. ಹಲಗೆಗೆ ಹಲಗೆ ಸೇರುವಲ್ಲಿ ಕರಗಿದ ಲೋಹ ಹರಿದು ಗಟ್ಟಿಯಾಗಿ, ಒಂದರ ಮೇಲೊಂದು ಒರಗಿದ ಸಣ್ಣ ಅಲೆಗಳಂತೆ ನಿಂತಿರುತ್ತದೆ. ಊರಿನ ಗ್ರಿಲ್ ಅಂಗಡಿಯಲ್ಲಿ ಗೇಟು ಬೆಸೆಯುವುದನ್ನು ನೋಡಿದ ಯಾರಿಗೂ ಇದು ಹೊಸದಲ್ಲ. ಟಿ-55ರ ಗೋಪುರದ ನೆತ್ತಿಯಲ್ಲಿ ಈ ಮೂರೂ ಒಂದೇ ಕಡೆ ಸಿಗುತ್ತವೆ. ಸುತ್ತಲಿನ ಭಾಗ ಎರಕದ್ದು, ನೆತ್ತಿಯ ಮುಚ್ಚಳ ಅರ್ಧಚಂದ್ರದಂತಹ ಎರಡು ಹಲಗೆಗಳದ್ದು. ಅವೆರಡರ ನಡುವೆ ಒಂದು ಬೆಸುಗೆ, ಸುತ್ತ ಇನ್ನೊಂದು ಬೆಸುಗೆ. ಒರಟು, ನುಣುಪು, ಗೆರೆ ಮೂರನ್ನೂ ಒಂದು ಅಂಗೈಯಷ್ಟು ಜಾಗದಲ್ಲಿ ತೋರಿಸಬಹುದು.

ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಭಾಗಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಅದಕ್ಕಾಗಿಯೇ ಹವ್ಯಾಸಿಗಳು ಮೇಲ್ಮೈಯನ್ನು ಮತ್ತೆ ಕೈಯಿಂದ ತಿದ್ದುತ್ತಾರೆ.

1:35 ಎಲ್ಲಿಂದ ಬಂತು?

"35 ಯಾಕೆ ಸಾರ್, 50 ಅಥವಾ 100 ಇಟ್ಟಿದ್ರೆ ಲೆಕ್ಕ ಸುಲಭ ಆಗ್ತಿತ್ತಲ್ಲ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಸ್ವಾರಸ್ಯವಾಗಿದೆ. ಜಪಾನಿನ ತಮಿಯಾ ಕಂಪನಿ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಿತು. ಅದು ಮೋಟರಿನಿಂದ ಓಡುವಂಥದ್ದು. ಒಳಗೆ ಎರಡು ಬ್ಯಾಟರಿ ಹಿಡಿಯುವಷ್ಟು ಜಾಗ ಬೇಕಿತ್ತು, ಆ ಜಾಗಕ್ಕೆ ತಕ್ಕಂತೆ ಗಾತ್ರ ನಿಂತಿತು. ಮುಂದೆ ಅದೇ ಗಾತ್ರದ ಬೇರೆ ಟ್ಯಾಂಕುಗಳನ್ನು ಮಾಡಬೇಕೆಂದು ಅಳೆದಾಗ ಮೂಲದ ಸುಮಾರು 35ನೇ ಒಂದು ಭಾಗ ಎಂದು ಗೊತ್ತಾಯಿತು. ಇಂದು ಸೇನಾ ವಾಹನಗಳ ಮಾದರಿಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ ಇದೇ. ಪ್ರಮಾಣ ಎಂಬುದು ಆಕಾಶದಿಂದ ಇಳಿದ ಸಂಖ್ಯೆಯಲ್ಲ, ಯಾವುದೋ ಅಗತ್ಯಕ್ಕೆ ಮನುಷ್ಯರು ಆರಿಸಿಕೊಂಡದ್ದು ಎಂದು ಹೇಳಲು ಇದು ಒಳ್ಳೆಯ ಉದಾಹರಣೆ.

ಟಿ-55ರ ಅಳತೆಗಳನ್ನು 35ರಿಂದ ಭಾಗಿಸಿ ಬರೆದರೆ ಹೀಗಾಗುತ್ತದೆ:

ಒಡಲಿನ ಉದ್ದ ಸುಮಾರು 6.45 ಮೀ. ಮಾದರಿಯಲ್ಲಿ 184 ಮಿ.ಮೀ.
ಅಗಲ ಸುಮಾರು 3.27 ಮೀ. ಮಾದರಿಯಲ್ಲಿ 93 ಮಿ.ಮೀ.
ಎತ್ತರ ಸುಮಾರು 2.40 ಮೀ. ಮಾದರಿಯಲ್ಲಿ 69 ಮಿ.ಮೀ.
ಫಿರಂಗಿ ನಳಿಕೆಯ ಒಳವ್ಯಾಸ 100 ಮಿ.ಮೀ. ಮಾದರಿಯಲ್ಲಿ 2.86 ಮಿ.ಮೀ.
ಬೆಸುಗೆಯ ಗೆರೆಯ ಅಗಲ 20 ಮಿ.ಮೀ. ಎಂದು ಇಟ್ಟುಕೊಂಡರೆ ಮಾದರಿಯಲ್ಲಿ 0.57 ಮಿ.ಮೀ.
ಎರಕದ ಒರಟು 3 ಮಿ.ಮೀ. ಎಂದು ಇಟ್ಟುಕೊಂಡರೆ ಮಾದರಿಯಲ್ಲಿ 0.09 ಮಿ.ಮೀ.

ಕೊನೆಯ ಎರಡು ಸಾಲುಗಳಲ್ಲೇ ನನ್ನ ತಪ್ಪಿನ ಉತ್ತರವಿದೆ. ಮಾಡಬೇಕಾಗಿದ್ದ ಒರಟು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ನಾನು ಮಾಡಿದ್ದು ಅದರ ಹದಿನೇಳು ಪಟ್ಟು.

ಎಷ್ಟು ಸಣ್ಣದನ್ನು ಮಾಡಬೇಕು?

ಹಾಗಾದರೆ ನಿಜವಾದ ಟ್ಯಾಂಕಿನಲ್ಲಿರುವ ಪ್ರತಿಯೊಂದನ್ನೂ 35ರಿಂದ ಭಾಗಿಸಿ ಮಾಡಬೇಕೇ? ಇದಕ್ಕೆ ಭೌತಶಾಸ್ತ್ರ ನೆರವಾಗುತ್ತದೆ. ಸಾಮಾನ್ಯ ದೃಷ್ಟಿಯ ಕಣ್ಣು ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು ಒಂದು ಕಲೆಯ ಕೋನವಿರಬೇಕು. ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 30 ಸೆಂ.ಮೀ. ದೂರದಲ್ಲಿ ಈ ಕೋನ ಸುಮಾರು 0.09 ಮಿ.ಮೀ. ಆಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಮಾದರಿಯ ಮೇಲೆ ಅದಕ್ಕಿಂತ ಸಣ್ಣದನ್ನು ಮಾಡಿದರೂ ಕಣ್ಣು ಬಿಡಿಸಿ ನೋಡಲಾರದು.

ಇದನ್ನೇ ಇನ್ನೊಂದು ಕಡೆಯಿಂದ ಯೋಚಿಸಬಹುದು. ಮಾದರಿಯನ್ನು 30 ಸೆಂ.ಮೀ. ದೂರದಿಂದ ನೋಡುವುದೂ ನಿಜವಾದ ಟ್ಯಾಂಕನ್ನು 30 × 35 = 1050 ಸೆಂ.ಮೀ., ಅಂದರೆ ಹತ್ತೂವರೆ ಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ. ಹಾಗಾಗಿ ಮಾದರಿ ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಹತ್ತೂವರೆ ಮೀಟರ್ ದೂರ ನಿಂತರೆ ನಿಜವಾದ ಟ್ಯಾಂಕಿನ ಮೇಲೆ ಏನು ಕಾಣುತ್ತದೆ?

ಇದನ್ನು ಪರೀಕ್ಷಿಸಲು ಒಂದು ಭಾನುವಾರ ಮಡಿಕೇರಿಗೆ ಹೋದೆ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಅಲ್ಲಿ ಹೊರಗೆ ಹಳೆಯ ಟ್ಯಾಂಕೊಂದನ್ನು ಇರಿಸಿದ್ದಾರೆ, ಅದೂ ಎರಕದ ಗೋಪುರದ್ದು. ನನ್ನ ಒಂದು ಹೆಜ್ಜೆ ಸುಮಾರು 75 ಸೆಂ.ಮೀ. ಟ್ಯಾಂಕಿನಿಂದ 14 ಹೆಜ್ಜೆ ಹಿಂದಕ್ಕೆ ನಡೆದರೆ ಸರಿಯಾಗಿ ಹತ್ತೂವರೆ ಮೀಟರ್. ಅಲ್ಲಿಂದ ನೋಡಿದಾಗ ಬೆಸುಗೆ ಒಂದು ಗೆರೆಯಾಗಿ ಕಂಡಿತು, ಅದರ ಅಲೆಗಳು ಕಾಣಲಿಲ್ಲ. ಗೋಪುರ ಒರಟು ಎಂದು ಗೊತ್ತಾಗುತ್ತಿತ್ತು, ಆದರೆ ಉಬ್ಬುಗಳನ್ನು ಎಣಿಸಲು ಆಗುತ್ತಿರಲಿಲ್ಲ. ಬೆಳಕು ಪಕ್ಕದಿಂದ ಬಿದ್ದ ಕಡೆ ಮಾತ್ರ ಮೈ ಮಂಕಾಗಿ, ಸೀಮೆಸುಣ್ಣ ಉಜ್ಜಿದಂತೆ ಕಾಣುತ್ತಿತ್ತು. ಮಾದರಿಯ ಮೇಲೆ ಬರಬೇಕಾದದ್ದು ಆ ಮಂಕು, ಉಬ್ಬುಗಳಲ್ಲ.

ಮನೆಗೆ ಬಂದು ಇನ್ನೊಂದು ಲೆಕ್ಕ ಮಾಡಿದೆ. ನಮ್ಮ ತರಗತಿಯ ಕೊನೆಯ ಬೆಂಚು ಮೇಜಿನಿಂದ ಸುಮಾರು 6 ಮೀಟರ್ ದೂರ. ಆ ದೂರದಲ್ಲಿ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠ ಅಂತರ ಸುಮಾರು 1.75 ಮಿ.ಮೀ. ಅಂದರೆ ಹಿಂದಿನ ಬೆಂಚಿಗೆ ಕಾಣಲಿ ಎಂದು ನಾನು ಮಾಡಿದ ಒಂದೂವರೆ ಮಿಲಿಮೀಟರಿನ ಉಬ್ಬು ಅವರಿಗೆ ಕಂಡೇ ಇರಲಿಲ್ಲ! ಅವರು ಟ್ಯಾಂಕನ್ನು 210 ಮೀಟರ್ ದೂರದಿಂದ ನೋಡುತ್ತಿದ್ದರು. ಕಂಡದ್ದು ಮುಂದಿನ ಬೆಂಚಿಗೆ, ಅವರಿಗೆ ಕಂಡದ್ದು ಸುಳ್ಳು. ಬೋಧನಾ ಸಾಮಗ್ರಿಯನ್ನು ಉತ್ಪ್ರೇಕ್ಷೆ ಮಾಡಿದರೆ ಎಲ್ಲರಿಗೂ ತಲುಪುತ್ತದೆ ಎಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಮಾದರಿಯನ್ನು ಕೆಡಿಸುವ ಬದಲು ಮಕ್ಕಳನ್ನು ಹತ್ತಿರ ಕರೆಯಬೇಕು.

ಸೂಕ್ಷ್ಮ ವಿವರಗಳನ್ನು ಮೂಡಿಸುವ ಬಗೆ

ಹಳೆಯ ಪುಟ್ಟಿಯನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಮೊದಲಿನಿಂದ ಶುರು ಮಾಡಿದೆ. ಕ್ರಮ ಹೀಗಿತ್ತು.

ಎರಕದ ಒರಟಿಗೆ: ಪ್ಲಾಸ್ಟಿಕ್ ಅಂಟಿಸುವ ತೆಳು ದ್ರವವನ್ನು ಗೋಪುರದ ಮೇಲೆ ಅಂಗೈಯ ಕಾಲುಭಾಗದಷ್ಟು ಜಾಗಕ್ಕೆ ಮಾತ್ರ ಬಳಿಯಬೇಕು. ಅರ್ಧ ನಿಮಿಷದಲ್ಲಿ ಪ್ಲಾಸ್ಟಿಕ್ಕಿನ ಮೇಲ್ಪದರ ಮೆತ್ತಗಾಗುತ್ತದೆ. ಆಗ ಗಟ್ಟಿ ಕೂದಲಿನ ಹಳೆಯ ಬ್ರಷ್ಷನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಕುಟ್ಟಬೇಕು, ಎಳೆಯಬಾರದು. ಇನ್ನೂ ಸ್ವಲ್ಪ ಒರಟು ಬೇಕಾದರೆ ಅದೇ ದ್ರವದಲ್ಲಿ ಚೂರು ಪುಟ್ಟಿ ಕದಡಿ ಹಾಲಿನ ಹದಕ್ಕೆ ತಂದು ಬಳಿದು ಕುಟ್ಟಬಹುದು. ಒಂದು ದಿನ ಒಣಗಲು ಬಿಟ್ಟು, ನಯವಾದ ಉಪ್ಪುಕಾಗದದಿಂದ ಎದ್ದ ತುದಿಗಳನ್ನು ಮಾತ್ರ ಸವರಿದರೆ ಮೈ ಸರಿಹೋಗುತ್ತದೆ. ಮುಖ್ಯ ನಿಯಮ: ಬೆರಳಿಗೆ ಗೊತ್ತಾಗಬೇಕು, ಕಣ್ಣಿಗೆ ಅನುಮಾನ ಬರಬೇಕು, ಅಳತೆಪಟ್ಟಿಗೆ ಸಿಗಬಾರದು.

ಬೆಸುಗೆಯ ಗೆರೆಗೆ: ಬಿಡಿಭಾಗಗಳು ಅಂಟಿಕೊಂಡು ಬಂದ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಮೇಣದಬತ್ತಿಯ ಉರಿಯಿಂದ ಸ್ವಲ್ಪ ಮೇಲೆ ಹಿಡಿದು ತಿರುಗಿಸಬೇಕು. ಮಧ್ಯಭಾಗ ಮೆತ್ತಗಾದ ಕೂಡಲೇ ಉರಿಯಿಂದ ಹೊರತೆಗೆದು ಎರಡೂ ಕಡೆ ಎಳೆದರೆ ಪಾಕದ ಎಳೆಯಂತೆ ದಾರವಾಗುತ್ತದೆ. ನಿಧಾನವಾಗಿ ಎಳೆದರೆ ದಪ್ಪ, ವೇಗವಾಗಿ ಎಳೆದರೆ ತೆಳು. ಹಲಗೆಗಳ ಸಂದಿಯಲ್ಲಿ ಚಾಕುವಿನ ತುದಿಯಿಂದ ಸಣ್ಣ ಗೀರು ತೆಗೆದು, ಅದರೊಳಗೆ ಎಳೆಯನ್ನು ಕೂರಿಸಿ, ಮೇಲೆ ಅಂಟುದ್ರವ ಸವರಿ, ಮೆತ್ತಗಾದಾಗ ಚಾಕುವಿನ ಮೊಂಡು ಅಂಚಿನಿಂದ ಒತ್ತೊತ್ತಾಗಿ ಒತ್ತುತ್ತಾ ಹೋಗಬೇಕು. ಬೆಸುಗೆಯ ಅಲೆಗಳು ಮೂಡುತ್ತವೆ.

ಹಿಡಿಕಂಬಿಗಳಿಗೆ: ಟಿ-55ರ ಗೋಪುರದ ಪಕ್ಕದಲ್ಲಿ ಕಾಲಾಳು ಸೈನಿಕರು ಹಿಡಿದು ಕೂರುವ ಕಂಬಿಗಳಿರುತ್ತವೆ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಕಂಬಿ ದಪ್ಪವಾಗಿದ್ದರೆ ಅದನ್ನು ಕತ್ತರಿಸಿ ತಾಮ್ರದ ತಂತಿ ಬಳಸಬಹುದು. ನಿಜವಾದ ಕಂಬಿ 25 ಮಿ.ಮೀ. ಎಂದುಕೊಂಡರೆ ತಂತಿ 0.7 ಮಿ.ಮೀ. ಇರಬೇಕು.

ಬಣ್ಣಕ್ಕೆ: ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಬಣ್ಣದ ಪದರ 0.05 ಮಿ.ಮೀ. ದಪ್ಪವಿದ್ದರೂ 35ರ ಲೆಕ್ಕದಲ್ಲಿ ಅದು 1.75 ಮಿ.ಮೀ. ಎರಡು ಸಲ ದಪ್ಪ ಬಣ್ಣ ಬಳಿದರೆ ನಾವು ಮೂಡಿಸಿದ 0.09 ಮಿ.ಮೀ. ಒರಟು ಅದರಡಿಯಲ್ಲಿ ಹೂತುಹೋಗುತ್ತದೆ. ಆದ್ದರಿಂದ ತೆಳುವಾಗಿ, ಒಣಗಿಸಿ ಒಣಗಿಸಿ ಬಳಿಯಬೇಕು. ಕೊನೆಗೆ ಬ್ರಷ್ಷಿಗೆ ತಿಳಿಬಣ್ಣ ತಾಗಿಸಿ, ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಬ್ರಷ್ಷಿನಿಂದ ಸವರಿದರೆ ಎದ್ದ ತುದಿಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಮಡಿಕೇರಿಯಲ್ಲಿ ಕಂಡ ಆ ಮಂಕು ಇದರಿಂದ ಬರುತ್ತದೆ.

ಎಚ್ಚರಿಕೆ: ಅಂಟುದ್ರವದ ಆವಿ ಒಳ್ಳೆಯದಲ್ಲ, ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು, ಮೇಣದಬತ್ತಿಯನ್ನು ಅದರ ಹತ್ತಿರ ತರಲೇಬಾರದು. ಇದು ತರಗತಿಯಲ್ಲಿ ಮಕ್ಕಳಿಂದ ಮಾಡಿಸುವ ಕೆಲಸವಲ್ಲ. ಮಕ್ಕಳಿಗಾಗಿ ಬೇರೆ ದಾರಿ ಹುಡುಕಿದೆ.

ಮರುಪಾಠ

ಎರಡನೆಯ ಸಲ ಪಾಠವನ್ನು ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸಿದೆ. ಕಪ್ಪುಹಲಗೆಯ ಮೇಲೆ "1.5 × 35 = 52.5" ಎಂದು ಬರೆದು, "ಹೋದ ವಾರ ನಾನು ಮಾಡಿದ ತಪ್ಪು ಇದು. ಇವತ್ತು ಎಲ್ಲರೂ ಸೇರಿ ಸರಿ ಮಾಡೋಣ" ಎಂದೆ. ತರಗತಿ ಮತ್ತೆ ನಕ್ಕಿತು, ಆದರೆ ಈ ಸಲದ ನಗು ಬೇರೆ.

ಐದು ಗುಂಪು ಮಾಡಿ ಪ್ರತಿ ಗುಂಪಿಗೂ 35 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ರಟ್ಟು ಕೊಟ್ಟೆ. ಇದು ನಿಜವಾದ ಟ್ಯಾಂಕಿನ ನೆತ್ತಿಯ ಒಂದು ತುಂಡು. ಅರ್ಧಭಾಗಕ್ಕೆ ಬಿಳಿ ಅಂಟು ಸವರಿ ಸಣ್ಣ ಜಲ್ಲಿಮರಳು ಉದುರಿಸಿದರು, ಅದು ಎರಕ. ಇನ್ನರ್ಧ ಹಾಗೆಯೇ ನುಣುಪು, ಅದು ಹಲಗೆ. ನಡುವೆ ಹೆಬ್ಬೆರಳು ದಪ್ಪದ ಸೆಣಬಿನ ಹಗ್ಗ ಅಂಟಿಸಿದರು, ಅದು ಬೆಸುಗೆ. ಹಗ್ಗದ ಹುರಿ ಬೆಸುಗೆಯ ಅಲೆಯಂತೆಯೇ ಕಾಣುತ್ತದೆ.

ನಂತರ ಪ್ರತಿ ಗುಂಪಿಗೆ 1 ಸೆಂ.ಮೀ. ಚೌಕದ ಡ್ರಾಯಿಂಗ್ ಕಾಗದ ಕೊಟ್ಟು, "ಇದು ಅದೇ ತುಂಡು, ಮಾದರಿಯಲ್ಲಿ. ಹಗ್ಗದ ಜಾಗಕ್ಕೆ ಏನು ಹಾಕುತ್ತೀರಿ? ಮರಳಿನ ಜಾಗಕ್ಕೆ ಏನು?" ಎಂದು ಕೇಳಿದೆ.

ಹಗ್ಗಕ್ಕೆ ದಾರ ಎಂದು ಎಲ್ಲ ಗುಂಪುಗಳೂ ಹೇಳಿದವು. ಯಾವ ದಾರ? ಗುಂಡಿ ಹೊಲಿಯುವ ದಪ್ಪ ದಾರವನ್ನು ಪೆನ್ಸಿಲ್ಲಿಗೆ ಒತ್ತೊತ್ತಾಗಿ 20 ಸುತ್ತು ಸುತ್ತಿ ಅಳೆದಾಗ 11 ಮಿ.ಮೀ. ಬಂತು. ಒಂದು ಎಳೆ 0.55 ಮಿ.ಮೀ., 35ರಿಂದ ಗುಣಿಸಿದರೆ 19 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಹಗ್ಗಕ್ಕೆ ಸರಿಹೊಂದಿತು. ಮರಳಿನ ಜಾಗಕ್ಕೆ ಒಂದು ಗುಂಪು ರವೆ ಎಂದಿತು, ಇನ್ನೊಂದು ಅಕ್ಕಿಹಿಟ್ಟು ಎಂದಿತು. ಕೊನೆಗೆ ಒಬ್ಬ ಹುಡುಗ ಕಪ್ಪುಹಲಗೆಯ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಬಂದ. ತೆಳು ಅಂಟಿನಲ್ಲಿ ಕದಡಿ ಸ್ಪಂಜಿನ ತುಂಡಿನಿಂದ ಒತ್ತಿದಾಗ ಬಂದ ಮೈ, ನಾನು ರಾತ್ರಿಯೆಲ್ಲ ಕೂತು ಮಾಡಿದ ಗೋಪುರಕ್ಕೆ ಬಹಳ ಹತ್ತಿರವಿತ್ತು.

ಈಗ ಮುಖ್ಯ ಪ್ರಶ್ನೆ: "ಇಂಥ ಸಣ್ಣ ಚೌಕಗಳು ಎಷ್ಟು ಸೇರಿದರೆ ದೊಡ್ಡ ರಟ್ಟು ಮುಚ್ಚುತ್ತದೆ?" ಮೊದಲು ಬಂದ ಉತ್ತರ 35. ಒಂದು ಸಾಲು ಜೋಡಿಸಿ ನೋಡಿ ಎಂದೆ. ಒಂದು ಸಾಲಿಗೇ 35 ಮುಗಿಯಿತು. ಅಂಥ 35 ಸಾಲು ಬೇಕು, ಒಟ್ಟು 1225. ಉದ್ದ 35 ಪಟ್ಟಾದರೆ ವಿಸ್ತೀರ್ಣ 1225 ಪಟ್ಟು ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಘನಫಲಕ್ಕೆ 42,875 ಎಂದು ಇಬ್ಬರು ತಾವೇ ಗುಣಿಸಿಕೊಂಡರು. 36 ಟನ್ ತೂಗುವ ಟಿ-55ನ್ನು ಅದೇ ಉಕ್ಕಿನಲ್ಲಿ, ಅದೇ ರೀತಿ ಒಳಗೂ ಹೊರಗೂ 35ನೇ ಒಂದು ಭಾಗಕ್ಕೆ ಇಳಿಸಿದರೆ ತೂಕ ಸುಮಾರು 840 ಗ್ರಾಂ. "ಒಂದು ಕೆಜಿ ಸಕ್ಕರೆಗಿಂತ ಕಮ್ಮಿನಾ!" ಎಂಬ ಆಶ್ಚರ್ಯ ಆ ದಿನದ ಅತಿ ಒಳ್ಳೆಯ ಸದ್ದು.

ಮೌಲ್ಯಮಾಪನದಲ್ಲಿ ಕಂಡದ್ದು

ಭಾರತದಲ್ಲಿ ಹಲವು ಟಿ-55ಗಳಿಗೆ ಮುಂದೆ 100 ಮಿ.ಮೀ. ಬದಲು 105 ಮಿ.ಮೀ. ಫಿರಂಗಿ ಹಾಕಿದರು. ಇದನ್ನೇ ಪ್ರಶ್ನೆಯಾಗಿ ಕೊಟ್ಟೆ: "100 ಮಿ.ಮೀ. ನಳಿಕೆ ಮಾದರಿಯಲ್ಲಿ 2.86 ಮಿ.ಮೀ. ಹಾಗಾದರೆ 105 ಮಿ.ಮೀ. ನಳಿಕೆ ಎಷ್ಟು?"

ಸರಿಯುತ್ತರ 3 ಮಿ.ಮೀ., ಶೇಷವಿಲ್ಲದೆ ಬರುತ್ತದೆ. ಆದರೆ ಕೆಲವು ಮಕ್ಕಳು 7.86 ಎಂದು ಬರೆದಿದ್ದರು. ನಿಜವಾದದ್ದು 5 ಹೆಚ್ಚಾದರೆ ಮಾದರಿಯೂ 5 ಹೆಚ್ಚು ಎಂಬುದು ಅವರ ಯೋಚನೆ. ಅನುಪಾತವನ್ನು ಗುಣಾಕಾರವಾಗಿ ನೋಡದೆ ಕೂಡುವಿಕೆಯಾಗಿ ನೋಡುವ ಈ ತಪ್ಪು ಕಲ್ಪನೆಯ ಬಗ್ಗೆ ನಾವು ಬೋಧನಾಶಾಸ್ತ್ರದ ತರಗತಿಯಲ್ಲಿ ಓದಿದ್ದೇವೆ. ಭೂಪಟದ ಲೆಕ್ಕಗಳಲ್ಲಿ ಅದು ಹೊರಬರುವುದೇ ಇಲ್ಲ, ಏಕೆಂದರೆ ಅಲ್ಲಿ ಮಕ್ಕಳು ಸೂತ್ರಕ್ಕೆ ಸಂಖ್ಯೆ ತುಂಬಿಸಿ ದಾಟುತ್ತಾರೆ. ಹಾಗೆ ಬರೆದವರನ್ನು ಮಾದರಿಯ ಬಳಿ ಕರೆದು, "7.86 ಮಿ.ಮೀ. ನಳಿಕೆ ಇಟ್ಟರೆ ಹೇಗಿರುತ್ತದೆ?" ಎಂದು ಒಂದು ಪೆನ್ಸಿಲನ್ನು ಗೋಪುರದ ಮುಂದೆ ಹಿಡಿದೆ. ಪೆನ್ಸಿಲ್ ಅದಕ್ಕಿಂತಲೂ ಸ್ವಲ್ಪ ತೆಳುವೇ. ತಮ್ಮ ತಪ್ಪು ಏನೆಂದು ಅವರೇ ಹೇಳಿದರು.

ಟ್ಯಾಂಕೇ ಏಕೆ?

ಎರಡನೆಯ ಪಾಠದ ವಿಮರ್ಶೆಯಲ್ಲಿ ಮೇಡಂ ಕೇಳಿದ ಪ್ರಶ್ನೆ ಇದು. "ಟ್ರ್ಯಾಕ್ಟರ್ ಆಗಿದ್ದರೂ ನಡೆಯುತ್ತಿತ್ತಲ್ಲ? ಯುದ್ಧದ ಯಂತ್ರವನ್ನು ಆಟಿಕೆಯಂತೆ ಮಕ್ಕಳ ಮುಂದೆ ಇಡುವುದು ನಿಮಗೆ ಸರಿ ಎನಿಸಿತೇ?"

ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಾನು ಅದನ್ನು ಯೋಚಿಸಿರಲಿಲ್ಲ. ಕೈಯಲ್ಲಿದ್ದದ್ದು ಅದು, ಒಯ್ದೆ. ಟ್ರ್ಯಾಕ್ಟರಿನಿಂದಲೂ ಬಸ್ಸಿನಿಂದಲೂ ಇದೇ ಗಣಿತ ಬರುತ್ತದೆ. ಎರಕ, ಹಲಗೆ, ಬೆಸುಗೆ ಮೂರೂ ಇಷ್ಟು ಸ್ಪಷ್ಟವಾಗಿ ಒಂದೇ ಕಡೆ ಸಿಗುವುದು ಟ್ಯಾಂಕಿನ ಅನುಕೂಲ, ಅಷ್ಟೇ.

ಆದರೆ ಆ ಪ್ರಶ್ನೆಗೆ ನನಗಿಂತ ಮೊದಲು ಉತ್ತರ ಹುಡುಕಿದ್ದವಳು ಅಳತೆಪಟ್ಟಿ ಹಿಡಿದಿದ್ದ ಅದೇ ಹುಡುಗಿ. ಅವಳ ತಾಯಿಯ ತಂದೆ ಸೇನೆಯಲ್ಲಿ ಟ್ಯಾಂಕ್ ಚಾಲಕರಾಗಿದ್ದವರಂತೆ. ಮೊದಲ ಪಾಠದ ದಿನ ಮನೆಗೆ ಹೋಗಿ ಅಜ್ಜನನ್ನು ಕೇಳಿದ್ದಾಳೆ. ಐದು ಸೆಂಟಿಮೀಟರಿನ ಗಡ್ಡೆಯ ವಿಷಯಕ್ಕೆ ಅಜ್ಜ ನಕ್ಕಿದ್ದಾರೆ. ಹಿಡಿಕಂಬಿಯ ಹತ್ತಿರ, ಹತ್ತಿ ಇಳಿಯುವ ಕಡೆ ಬಣ್ಣ ಸವೆದು ಉಕ್ಕು ಹೊಳೆಯುತ್ತಿರುತ್ತದೆ, ಅದನ್ನು ನಿಮ್ಮ ಸಾರ್ ಮಾಡಿದ್ದಾರಾ ನೋಡು ಎಂದಿದ್ದಾರೆ. ನಾನು ಮಾಡಿರಲಿಲ್ಲ. ಮರುಪಾಠದ ಕೊನೆಗೆ ಅವಳು ಬಂದು ಇದನ್ನು ಹೇಳಿ, ಮತ್ತೆ ಕೇಳಿದಳು: "ಇದರೊಳಗೆ ನಾಲ್ಕು ಜನ ಕೂರ್ತಿದ್ರಂತೆ ಸಾರ್. ಈ ಪ್ರಮಾಣದಲ್ಲಿ ಅವರು ಎಷ್ಟೆತ್ತರ ಇರ್ತಾರೆ?"

ಅವಳೇ ಲೆಕ್ಕ ಮಾಡಿದಳು. 170 ಸೆಂ.ಮೀ. ಎತ್ತರದ ಮನುಷ್ಯ 1:35ರಲ್ಲಿ 4.86 ಸೆಂ.ಮೀ. ರಟ್ಟಿನಲ್ಲಿ ಅಷ್ಟೆತ್ತರದ ನಾಲ್ಕು ಆಕೃತಿಗಳನ್ನು ಕತ್ತರಿಸಿ ಮಾದರಿಯ ಪಕ್ಕದಲ್ಲಿ ನಿಲ್ಲಿಸಿದಳು. ಆ ಒಡಲೊಳಗೆ ಆ ನಾಲ್ವರು ಹೇಗೆ ಹಿಡಿಯುತ್ತಾರೆ ಎಂದು ಮಕ್ಕಳು ಆಕೃತಿಗಳನ್ನು ಮಡಚಿ ಮಡಚಿ ನೋಡಿದರು. ಅದುವರೆಗೂ "ಸಾರ್, ಇದು ಎಷ್ಟು ದೂರ ಹೊಡೆಯುತ್ತೆ?" ಎಂದು ಕೇಳುತ್ತಿದ್ದ ಹುಡುಗನೇ, "ಒಳಗೆ ಬಿಸಿ ಆಗಲ್ವಾ?" ಎಂದು ಕೇಳಿದ. ಮೇಡಂ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರ ಈಗಲೂ ಇಲ್ಲ. ಆದರೆ ಯುದ್ಧವಾಹನದ ಮಾದರಿಯನ್ನು ತರಗತಿಗೆ ಒಯ್ಯುವುದಾದರೆ ಅದೇ ಪ್ರಮಾಣದ ಮನುಷ್ಯನನ್ನೂ ಪಕ್ಕದಲ್ಲಿ ಇಡಬೇಕು ಎಂಬುದಷ್ಟನ್ನು ಕಲಿತಿದ್ದೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಮಾದರಿ ಟ್ಯಾಂಕೇ ಆಗಬೇಕಿಲ್ಲ. ಶಾಲೆಯ ಮಾಳಿಗೆಯ ನೀರಿನ ತೊಟ್ಟಿ, ಊರಿನ ಬಸ್ಸು, ಎತ್ತಿನಗಾಡಿ ಯಾವುದೂ ಆಗಬಹುದು. ಮೊದಲು ನಿಜವಾದ ವಸ್ತುವಿನ ಬಳಿ ಹೋಗಿ ನೋಡಿ. ಪ್ರಮಾಣದಿಂದ ಗುಣಿಸಿ ಸಿಕ್ಕ ದೂರದಲ್ಲಿ ನಿಂತು, ಅಲ್ಲಿಂದ ಕಂಡದ್ದನ್ನು ಮಾತ್ರ ಮಾದರಿಯಲ್ಲಿ ಮೂಡಿಸಿ. ಕಾಣದ್ದನ್ನು ತೋರಿಸಬೇಕಾದರೆ ಮಾದರಿಯನ್ನು ಹಿಗ್ಗಿಸಬೇಡಿ, ನಿಜ ಗಾತ್ರದ ತುಂಡೊಂದನ್ನು ರಟ್ಟಿನಲ್ಲಿ ಮಾಡಿ ಪಕ್ಕದಲ್ಲಿಡಿ. ಮಕ್ಕಳ ಕೈಗೆ ಅಳತೆಪಟ್ಟಿ ಕೊಡಿ.

ಅಳತೆಪಟ್ಟಿ ಹಿಡಿದ ಮಗು ಶಿಕ್ಷಕರ ತಪ್ಪನ್ನೂ ಅಳೆಯುತ್ತದೆ. ಆಗ ಮುಂದಿನ ಲೆಕ್ಕಕ್ಕೆ ಹೋಗದೆ ಅಲ್ಲೇ ನಿಲ್ಲಬೇಕು. ನನ್ನ ಪಾಠಯೋಜನೆಯಲ್ಲಿ ಇಲ್ಲದಿದ್ದ ಆ ಒಂದೂವರೆ ಮಿಲಿಮೀಟರ್ ನನಗೆ ಎರಡು ವಾರದ ಕೆಲಸ ಕೊಟ್ಟಿತು. ಈಗ ಗೋಪುರದ ಹಿಡಿಕಂಬಿಯ ಬಳಿ ಬಣ್ಣ ಸವೆದು ಉಕ್ಕು ಹೊಳೆಯುವಂತೆ ಮಾಡಿದ್ದೇನೆ. ಅಜ್ಜನಿಗೆ ತೋರಿಸಿ ಬರುತ್ತೇನೆಂದು ಆ ಹುಡುಗಿ ಮಾದರಿಯನ್ನು ಎರಡು ದಿನಕ್ಕೆ ಮನೆಗೆ ಒಯ್ದಿದ್ದಾಳೆ.